ಹಿಮಾಲಯ ತಗ್ಗಿಸಿದ ನೆಲ, ಹಿಮಾಲಯವೇ ತುಂಬಿದ ಬಯಲು

ಪರ್ವತಶ್ರೇಣಿಯ ಬುಡದಲ್ಲಿ, ಅದರ ಉದ್ದಕ್ಕೂ ಚಾಚಿಕೊಂಡು, ಬೆಟ್ಟದಿಂದ ಇಳಿದ ಜಲ್ಲಿ, ಮರಳು, ಹೂಳಿನಿಂದ ತುಂಬಿರುವ ತಗ್ಗನ್ನು ಭೂವಿಜ್ಞಾನಿಗಳು ಫೋರ್‌ಲ್ಯಾಂಡ್ ಬೇಸಿನ್ ಎನ್ನುತ್ತಾರೆ. ಅಮೆರಿಕದ ವಿಲಿಯಂ ಡಿಕಿನ್ಸನ್ 1974ರಲ್ಲಿ ಬಳಕೆಗೆ ತಂದ ಹೆಸರಿದು. ಆಲ್ಪ್ಸ್‌ನ ಉತ್ತರಕ್ಕಿರುವ ಸ್ವಿಟ್ಜರ್ಲೆಂಡಿನ ಎತ್ತರದ ಬಯಲು, ಝಾಗ್ರೋಸ್ ಪರ್ವತಗಳ ಮಗ್ಗುಲಿನ ಪರ್ಷಿಯನ್ ಕೊಲ್ಲಿ, ಆಂಡಿಸ್‌ನ ಪೂರ್ವದ ಚಾಕೊ ಬಯಲು ಇದೇ ಜಾತಿಯವು. ಈಗಲೂ ತಗ್ಗುತ್ತ, ತುಂಬುತ್ತ ಇರುವ ಇಂಥ ನೆಲಗಳಲ್ಲಿ ಬಹು ದೊಡ್ಡದು ಗಂಗಾ ಬಯಲು.

ನದಿಯೇ ಮಣ್ಣು ತಂದು ಬಯಲನ್ನು ಕಟ್ಟಿತು ಎಂಬುದು ಅರ್ಧ ವಿವರಣೆ ಮಾತ್ರ. ಕಿಲೋಮೀಟರುಗಟ್ಟಲೆ ದಪ್ಪದ ಮಣ್ಣು ನಿಲ್ಲಬೇಕಾದರೆ ಅದಕ್ಕೆ ತಕ್ಕ ಆಳ ಬೇಕು. ಆ ಆಳವನ್ನು ಒದಗಿಸಿದ್ದೂ ಪರ್ವತವೇ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದಾಗ ಶಿಲಾಪದರಗಳು ಒಂದರ ಮೇಲೊಂದು ಹತ್ತಿ ಹಿಮಾಲಯವಾದವು. ಆ ರಾಶಿಯ ಭಾರವನ್ನು ಹೊತ್ತದ್ದು ಭಾರತ ಫಲಕದ ಉತ್ತರದ ಅಂಚು. ತುದಿಯಲ್ಲಿ ಮೂಟೆ ಹೇರಿದ ಉದ್ದನೆಯ ಹಲಗೆಯಂತೆ ಅದು ಬಾಗಿತು. ಕೋಲಾರ, ಚಿತ್ರದುರ್ಗದ ಪುರಾತನ ಶಿಲೆಗಳು ಕುಳಿತಿರುವುದೂ ಇದೇ ಫಲಕದ ಮೇಲೆ. ಇಂಥ ಹಳೆಯ, ಗಟ್ಟಿ ಫಲಕ ಒಂದೇ ಕಡೆ ಮುರಿಯದೆ ನೂರಾರು ಕಿಲೋಮೀಟರಿನಷ್ಟು ಅಗಲಕ್ಕೆ ಮೆಲ್ಲಗೆ ಬಾಗುತ್ತದೆ. ಬಯಲು ಅಷ್ಟು ವಿಶಾಲವಾಗಿರುವುದಕ್ಕೆ ಅದೇ ಕಾರಣ.

ಹೀಗಾಗಿ ತಗ್ಗಿನ ಆಳ ಎಲ್ಲ ಕಡೆ ಒಂದೇ ಅಲ್ಲ. ಹಿಮಾಲಯದ ತಪ್ಪಲಲ್ಲಿ ಹೂಳಿನ ದಪ್ಪ ನಾಲ್ಕೈದು ಕಿಲೋಮೀಟರ್. ದಕ್ಷಿಣಕ್ಕೆ ಬಂದಂತೆ ತೆಳುವಾಗುತ್ತ ಬುಂದೇಲ್‌ಖಂಡದಲ್ಲಿ ಗ್ರಾನೈಟ್ ಬಂಡೆಯೇ ಮೇಲೆ ಕಾಣುತ್ತದೆ. ಬಾಗಿದ ಫಲಕ ಇನ್ನೂ ದಕ್ಷಿಣಕ್ಕೆ ತುಸು ಉಬ್ಬುತ್ತದೆ. ಮಧ್ಯಭಾರತದ ಎತ್ತರದ ನೆಲದಲ್ಲಿ ಈ ಉಬ್ಬಿನ ಪಾಲೂ ಇದೆಯೆಂಬುದು ಹಲವು ಭೂಭೌತವಿಜ್ಞಾನಿಗಳ ಅಭಿಪ್ರಾಯ. ಬಯಲಿನ ತಳವೂ ಮಟ್ಟಸವಾಗಿಲ್ಲ. ದೆಹಲಿ–ಹರಿದ್ವಾರ, ಫೈಜಾಬಾದ್, ಮುಂಗೇರ್–ಸಹರ್ಸಾ ಎಂಬ ಏಣುಗಳು ಹೂಳಿನಡಿ ಹುದುಗಿವೆ.

ತಗ್ಗಿನ ಚರಿತ್ರೆ ಓದಬೇಕಾದರೆ ಹಿಮಾಚಲ ಪ್ರದೇಶದ ಸೋಲನ್ ಜಿಲ್ಲೆಗೆ ಹೋಗಬೇಕು. ಸುಬಾಥು ಊರಿನ ಹೆಸರು ಹೊತ್ತ ಪದರಗಳಲ್ಲಿ ನಾಣ್ಯದಾಕಾರದ ನುಮ್ಯುಲೈಟ್ ಎಂಬ ಸಾಗರಜೀವಿಯ ಚಿಪ್ಪುಗಳಿವೆ. ಅಂದರೆ ಆರಂಭದಲ್ಲಿ ಇಲ್ಲಿ ಸಮುದ್ರವಿತ್ತು. ಅದರ ಮೇಲಿನ ಡಗ್‌ಶಾಯಿಯ ಕೆಂಪು ಪದರ, ಕಸೌಲಿಯ ಮರಳುಗಲ್ಲುಗಳು ನದಿಗಳ ಕೆಲಸ. ಕಡಲು ಹಿಂದೆ ಸರಿದು, ಏಳುತ್ತಿದ್ದ ಪರ್ವತದ ನದಿಗಳು ಆ ಜಾಗವನ್ನು ವಶಪಡಿಸಿಕೊಂಡವು.

ಇದಾದ ಮೇಲೆ, ಸುಮಾರು 1.8 ಕೋಟಿ ವರ್ಷಗಳಿಂದೀಚೆಗೆ ಬಿದ್ದದ್ದು ಶಿವಾಲಿಕ್ ಪದರಗಳು. ಇವುಗಳ ಕೆಳಭಾಗದಲ್ಲಿ ಜೇಡಿ ಹೆಚ್ಚು, ನಡುವೆ ದಪ್ಪ ಮರಳುಗಲ್ಲು, ಮೇಲ್ಭಾಗದಲ್ಲಿ ಮುಷ್ಟಿಗಾತ್ರದ ಹಾಗೂ ಅದಕ್ಕೂ ದೊಡ್ಡ ಉರುಟುಕಲ್ಲುಗಳ ಗಾರೆ. ಡೆಹ್ರಾಡೂನ್ ರಸ್ತೆಯ ಮೋಹಂಡ್ ಬಳಿ ಮರಳುಗಲ್ಲಿನಿಂದ ಉರುಟುಕಲ್ಲಿಗೆ ಆಗುವ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. ದೊಡ್ಡ ಕಲ್ಲನ್ನು ನದಿ ಬಹುದೂರ ಸಾಗಿಸಲಾರದು. ಮೇಲಕ್ಕೆ ಹೋದಂತೆ ಕಲ್ಲು ದೊಡ್ಡದಾಗುತ್ತಿದೆಯೆಂದರೆ ಪರ್ವತದ ಮುಂಚೂಣಿ ದಕ್ಷಿಣಕ್ಕೆ ಒತ್ತುತ್ತ ಹತ್ತಿರವಾಗುತ್ತಿತ್ತು ಎಂದರ್ಥ. ಹಿಮಾಲಯ ಮುನ್ನಡೆದದ್ದಕ್ಕೆ ಇಷ್ಟು ಸರಳವಾದ ಪುರಾವೆ ಇನ್ನೊಂದು ಸಿಗುವುದು ಕಷ್ಟ. 1830ರ ದಶಕದಲ್ಲಿ ಹ್ಯೂ ಫಾಲ್ಕನರ್ ಮತ್ತು ಪ್ರಾಬಿ ಕಾಟ್ಲಿ ಇದೇ ಬೆಟ್ಟಗಳಲ್ಲಿ ಜಿರಾಫೆಯ ಬಂಧುವಾದ ಶಿವಥೀರಿಯಮ್, ದೈತ್ಯ ಆಮೆ ಮೊದಲಾದವುಗಳ ಪಳೆಯುಳಿಕೆ ಹೆಕ್ಕಿದರು. ಆ ಪ್ರಾಣಿಗಳು ಓಡಾಡಿದ್ದು ಬೆಟ್ಟದಲ್ಲಲ್ಲ, ಅಂದಿನ ನದೀಬಯಲಿನಲ್ಲಿ. ಆ ಬಯಲೇ ಮಡಿಚಿ ಮೇಲೆದ್ದು ಶಿವಾಲಿಕ್ ಬೆಟ್ಟಸಾಲಾಗಿದೆ. ಹಿಮಾಲಯದ ಅಡ್ಡಗಲ ಇಂದಿಗೂ ವರ್ಷಕ್ಕೆ ಹತ್ತಿರಹತ್ತಿರ 2 ಸೆಂಟಿಮೀಟರ್ ಕುಗ್ಗುತ್ತಿದೆ.

ಶಿವಾಲಿಕ್ ಬುಡದ ಭಾಬರ್ ಪಟ್ಟಿಯ ಜಲ್ಲಿಯಲ್ಲಿ ಸಣ್ಣ ತೊರೆಗಳು ಇಂಗಿ ಮಾಯವಾಗಿ, ಕೆಳಗಿನ ತರಾಯಿಯಲ್ಲಿ ಜೌಗಾಗಿ ಮತ್ತೆ ಮೇಲೆ ಬರುತ್ತವೆ. ಪರ್ಷಿಯನ್ ಕೊಲ್ಲಿ, ಕೆನಡಾದ ಆಲ್ಬರ್ಟಾಗಳಲ್ಲಿ ಇಂಥ ತಗ್ಗುಗಳು ಅಪಾರ ತೈಲ ಕೊಟ್ಟಿವೆ. ಗಂಗಾ ಬಯಲಿನ ಸಂಪತ್ತು ಮೆಕ್ಕಲು ಮಣ್ಣು ಮತ್ತು ಅಂತರ್ಜಲ. ಕೋಟ್ಯಂತರ ಜನರ ಅನ್ನ ಇದರಿಂದಲೇ ಎಂದಮೇಲೆ ಇದೇನೂ ಕಡಿಮೆಯದಲ್ಲ.

ತುಂಬುತ್ತಿರುವ ನೆಲದಲ್ಲಿ ನದಿಗಳು ಒಂದೆಡೆ ನಿಲ್ಲುವುದಿಲ್ಲ. ತಂದ ಹೂಳಿನಿಂದ ತನ್ನದೇ ಪಾತ್ರವನ್ನು ಎತ್ತರಿಸಿಕೊಳ್ಳುವ ಕೋಸಿ, ಎರಡು ಶತಮಾನಗಳಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿದಿತ್ತು. 2008ರ ಆಗಸ್ಟಿನಲ್ಲಿ ನೇಪಾಳದ ಕುಸಹಾ ಬಳಿ ಒಡ್ಡು ಒಡೆದು ಮತ್ತೆ ಪೂರ್ವಕ್ಕೆ ನುಗ್ಗಿತು. ಭೂಕಂಪ ಬಂದರಂತೂ ನೀರು ತುಂಬಿದ ಸಡಿಲ ಮರಳು ದ್ರವದಂತಾಗುತ್ತದೆ. 1934ರ ಜನವರಿ 15ರ ಬಿಹಾರ–ನೇಪಾಳ ಭೂಕಂಪದಲ್ಲಿ ಸೀತಾಮಢಿ, ಮಧುಬನಿ ಸುತ್ತಮುತ್ತ ಕಟ್ಟಡಗಳು ವಾಲಿದವು, ಹೂತುಹೋದವು. ಬಿರುಕುಗಳಿಂದ ಉಕ್ಕಿದ ಮರಳು ಹೊಲಗಳನ್ನು ಮುಚ್ಚಿತು. ಅಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ ಇಂದು ಅದೇ ಮಣ್ಣಿನ ಮೇಲಿದ್ದಾರೆ. ಪಟ್ನಾದಿಂದ ತರಾಯಿಯವರೆಗೆ ಏಳುತ್ತಿರುವ ಪ್ರತಿಯೊಂದು ಬಹುಮಹಡಿ ಕಟ್ಟಡದ ಅಡಿಪಾಯವೂ ಈ ಆಳದ ಹೂಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.