ಎರೆ ನೆಲದ ಬೇಲಿ: ನಂಬಿಕೆ ಬೇರೆ, ನಿಜ ಬೇರೆ

ಜವಳಗೇರಾ, ಪೋತ್ನಾಳ, ಸಿಂಧನೂರು ಕಡೆ ಮನೆಗೆ ಕಂಪೌಂಡ್ ಹಾಕಿಸುವವರು ಗೌಂಡಿಗೆ ಮೊದಲು ಹೇಳುವ ಮಾತು: "ಪಾಯಾ ಅಗಲ ಇರಲಿ, ಗೋಡಿ ಬಿಡಬಾರದು." ಅಗಲ ಪಾಯಾ ಬೀಳುತ್ತದೆ, ಕಲ್ಲು ಸಿಮೆಂಟು ಧಾರಾಳವಾಗಿ ಸೇರುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ನೋಡಿದರೆ ಗೋಡೆ ಮೇಲಿಂದ ಕೆಳತನಕ ಬಿಟ್ಟಿರುತ್ತದೆ. ಆಗ ಬೈಗುಳ ಗೌಂಡಿಗೆ, ಇಲ್ಲವೇ ಸಿಮೆಂಟಿಗೆ. ನೆಲವನ್ನು ಯಾರೂ ಬೈಯುವುದಿಲ್ಲ.

ಗೋಡೆ ಸೀಳುವುದು ಪಾಯಾ ಸಣ್ಣದಾಗಿದ್ದಕ್ಕೆ ಎನ್ನುವುದೇ ಮೊದಲ ತಪ್ಪು ತಿಳಿವಳಿಕೆ. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್ ಹೊತ್ತಿಗೆ ಹೊಲದ ಬಿರುಕಿನೊಳಗೆ ಕೈ ಇಳಿಸಬಹುದು. ಮನೆಗಾದರೆ ಭಾರವಿದೆ, ಅದರಡಿಯ ನೆಲಕ್ಕೆ ನೆರಳಿದೆ. ಕಂಪೌಂಡ್ ಗೋಡೆ ಹಗುರ, ಉದ್ದ, ಬಯಲಿನಲ್ಲಿ ನಿಂತದ್ದು. ನಮ್ಮ ಕಡೆ ಅದರ ಒಂದು ಮಗ್ಗುಲಿಗೆ ಕಾಲುವೆ ನೀರು ಕಟ್ಟಿದ ಭತ್ತದ ಗದ್ದೆ ಇಲ್ಲವೇ ಬಚ್ಚಲ ನೀರಿನ ಗಟಾರ, ಇನ್ನೊಂದು ಮಗ್ಗುಲಿಗೆ ಒಣಗಿದ ಅಂಗಳ. ನೆಲ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕುಸಿಯುತ್ತದೆ, ನಡುವೆ ಗೋಡೆ ಮುರಿಯುತ್ತದೆ. ಪಾಯಾ ಅಗಲ ಮಾಡಿದಷ್ಟೂ ಉಬ್ಬುವ ಮಣ್ಣಿಗೆ ಕೆಳಗಿನಿಂದ ನೂಕಲು ಹೆಚ್ಚು ಜಾಗ ಸಿಕ್ಕಂತಾಯಿತು, ಅಷ್ಟೇ.

ಬೇಕಾದದ್ದು ಆಳ. ಹಸಿ–ಒಣ ಏರಿಳಿತ ಹೆಚ್ಚಾಗಿ ಮೇಲಿನ ಪದರದ ಆಟ; ಕೆಳಗಿಳಿದಂತೆ ತೇವ ವರ್ಷವಿಡೀ ಸುಮಾರಾಗಿ ಒಂದೇ ಇರುತ್ತದೆ. ಇದನ್ನು ಗಮನದಲ್ಲಿಟ್ಟೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಬಳಕೆಗೆ ತಂದಿತು. ಎರೆ ಮಣ್ಣು ಆಳವಾಗಿರುವ ಕಡೆ ಅಂಥ ಪೈಲ್ ಕನಿಷ್ಠ 3.5 ಮೀಟರ್ ಇಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 2911. ಪೈಲ್ ಮೇಲೆ ಬೀಮ್ ಹಾಕಿ, ಬೀಮಿನಡಿ ಮಣ್ಣು ಉಬ್ಬಲು ಸಂದು ಬಿಟ್ಟು ಗೋಡೆ ಎಬ್ಬಿಸಬೇಕು. ಬಹಳ ಜನ ಆ ಸಂದಿಯನ್ನು 'ಹಾವು ಬರ್ತಾವ' ಎಂದು ಕಲ್ಲು ತುಂಬಿ ಮುಚ್ಚಿಸುತ್ತಾರೆ. ಮಾಡಿದ ಖರ್ಚೆಲ್ಲ ಅಲ್ಲಿಗೆ ವ್ಯರ್ಥ.

ಅಷ್ಟು ದುಡ್ಡಿಲ್ಲದಿದ್ದರೆ ಪಾಯಾದ ಎರೆ ತೆಗೆಸಿ ಗರಸು ತುಂಬಿಸಿ. ಒಂದೇ ಸಲ ಸುರಿಯಬಾರದು, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಿಸಬೇಕು. ಗರಸಿನ ಬದಲು ಮರಳು ತುಂಬಿದರೆ ನೀರು ಸೀದಾ ಕೆಳಗಿನ ಎರೆಗೆ ಇಳಿಯುತ್ತದೆ. ಉದ್ದ ಗೋಡೆಯನ್ನು ಒಂದೇ ಎಳೆಯಾಗಿ ಕಟ್ಟದೆ ನಡುನಡುವೆ ಬೆರಳಗಲ ಸಂದು ಬಿಟ್ಟು ತುಂಡುತುಂಡಾಗಿ ಕಟ್ಟಿಸಿ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಡಿ.

ನನ್ನನ್ನು ಕೇಳಿದರೆ, ಎರೆ ನೆಲದ ಬಹುಪಾಲು ಮನೆಗಳಿಗೆ ಗೋಡೆಗಿಂತ ಕಲ್ಲುಕಂಬ ಮತ್ತು ಜಾಳಿಗೆಯೇ ಮೇಲು. ನೆಲ ಮಿಸುಕಿದರೆ ಒಂದೆರಡು ಕಂಬ ವಾಲಬಹುದು, ಸರಿಪಡಿಸಿದರಾಯಿತು. ಸಿಮೆಂಟ್ ಕಂಬ ಹೊಸ ಕಾಲದ್ದು, ಆದ್ದರಿಂದ ಕಲ್ಲಿಗಿಂತ ಗಟ್ಟಿ ಎನ್ನುವವರಿದ್ದಾರೆ. ಕಾಲುವೆ ನೀರು ಹರಿದು ಸವುಳಾದ ನೆಲದಲ್ಲಿ ಉಪ್ಪು ಕಂಬದೊಳಗಿನ ಕಬ್ಬಿಣದ ಸಲಾಕೆಗೆ ತುಕ್ಕು ಹಿಡಿಸಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಲ್ಲಿಗೆ ಆ ಭಯವಿಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನ ನಿಂತಿರುವುದೂ ಇದೇ ಸೀಮೆಯ ಬಂಡೆಯ ಮೇಲೆ. ಎಲ್ಲ ಕಂಬಕ್ಕೂ ಕಾಂಕ್ರೀಟ್ ತುಂಬಿಸಬೇಕಿಲ್ಲ. ತಂತಿಯ ಜಗ್ಗು ಬೀಳುವುದು ಮೂಲೆ ಕಂಬ ಮತ್ತು ಗೇಟಿನ ಕಂಬಗಳ ಮೇಲೆ. ಕಾಂಕ್ರೀಟ್, ಆಸರೆ ಕಂಬ ಎರಡೂ ಅಲ್ಲಿಗಿರಲಿ.

ಅಂಗಡಿಯಲ್ಲಿ 'ಜಾಸ್ತಿ ಗೇಜಿಂದು ಕೊಡ್ರಿ' ಎನ್ನಬೇಡಿ. ಗೇಜ್ ಸಂಖ್ಯೆ ಏರಿದಂತೆ ತಂತಿ ಸಣ್ಣದಾಗುತ್ತದೆ: 10 ಗೇಜ್ ತಂತಿ ಸುಮಾರು 3.25 ಮಿ.ಮೀ. ದಪ್ಪ, 14 ಗೇಜ್ ಬರೀ 2 ಮಿ.ಮೀ.

ಇನ್ನು ಜಾಗದ ಮಾತು. ಪಹಣಿಯಲ್ಲಿ ಎಕರೆ–ಗುಂಟೆ ಬರೆದಿದೆ, ಟೇಪ್ ಹಿಡಿದು ಅಳೆದರೆ ಸಾಕು ಎಂಬುದು ಊರೂರಿನ ನಂಬಿಕೆ. ಪಹಣಿ ಹೇಳುವುದು ಎಷ್ಟು ಜಾಗ ಎಂಬುದನ್ನು. ಗೆರೆ ಎಲ್ಲಿದೆ ಎಂಬುದು ಸರ್ವೆ ನಕ್ಷೆಯಲ್ಲಿರುತ್ತದೆ. ಹೊಲದ ನಂಬರಿನಲ್ಲಿ ಮನೆ ಕಟ್ಟಿದವರು ಬೇಲಿಗೆ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅಳೆದು ಗುರುತು ಹಾಕುತ್ತಾರೆ. ಪಹಣಿಯಲ್ಲಿ 'ಬಿ' ಖರಾಬು ಎಂದಿದ್ದರೆ ಅದು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದನ್ನು ಬೇಲಿಯೊಳಗೆ ಸೇರಿಸುವಂತಿಲ್ಲ. ಗಾವಠಾಣದ ಮನೆಯಾದರೆ ಪಂಚಾಯ್ತಿಯ ಇ-ಸ್ವತ್ತು ದಾಖಲೆಯ ಅಳತೆ, ಚೆಕ್ಕುಬಂದಿ ನೋಡಿ. ಕಂಪೌಂಡ್ ಕಟ್ಟಲು ಪಂಚಾಯ್ತಿಯನ್ನು ಕೇಳಿಯೇ ಕೈ ಹಾಕಿ.

'ಹನ್ನೆರಡು ವರ್ಷ ಬೇಲಿ ನಿಂತರೆ ಜಾಗ ನಮ್ಮದು' ಎಂಬ ಮಾತು ಕಟ್ಟೆಯ ಮೇಲೆ ಕೂತವರ ಬಾಯಲ್ಲೆಲ್ಲ ಇದೆ. 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಲೆಕ್ಕವೇನೋ ಇದೆ. ಆದರೆ ಆ ಅನುಭೋಗ ಬಹಿರಂಗವಾಗಿ, ಎಡೆಬಿಡದೆ, ನಿಜವಾದ ಮಾಲೀಕನ ಹಕ್ಕಿಗೆ ಎದುರಾಗಿ ನಡೆದದ್ದೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವರು ನೀವು. ಪಕ್ಕದ ಮನೆಯವರು 'ಇರಲಿ ಬಿಡಣ್ಣ' ಎಂದಿದ್ದರೆ ಅದು ಅನುಮತಿ; ವರ್ಷ ಎಷ್ಟಾದರೂ ಹಕ್ಕಾಗದು. ಸರ್ಕಾರಿ ಜಾಗಕ್ಕೆ ಅವಧಿ 30 ವರ್ಷ, ಅದಕ್ಕೆ ಮೊದಲೇ ಒತ್ತುವರಿ ತೆರವಿನ ನೋಟಿಸ್ ಬರುತ್ತದೆ. ಇದರ ಉಲ್ಟಾ ಭಯವೂ ಇದೆ: ಅರ್ಧ ಅಡಿ ಒಳಗೆ ಕಟ್ಟಿದರೆ ಆ ಜಾಗ ಹೋಯಿತು ಎಂದು. ಒಳಗೆ ಕಟ್ಟಿದ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ. ಗೆರೆಯ ಮೇಲೆಯೇ ಗೋಡೆ ಎಬ್ಬಿಸಿದರೆ ಮಾತ್ರ ಪಾಯಾದ ಅಂಚು ಪಕ್ಕದವರ ಜಾಗದೊಳಗೆ ಹೋಗುತ್ತದೆ, ಜಗಳ ಅಲ್ಲಿಂದಲೇ ಶುರು.

ಕೊನೆಯದು ಜೀವದ ಪ್ರಶ್ನೆ. ಹಂದಿ, ಕಳ್ಳರ ಕಾಟಕ್ಕೆ ರಾತ್ರಿ ಮಾತ್ರ ತಂತಿಗೆ ಮನೆಯ ಕರೆಂಟ್ ಕೊಟ್ಟರೆ ತಪ್ಪೇನು, ಸೋಲಾರ್ ಬೇಲಿಯೂ ಕರೆಂಟೇ ಅಲ್ಲವೇ ಎನ್ನುತ್ತಾರೆ. ಅಲ್ಲ. ಸೋಲಾರ್ ಬೇಲಿಯ ಯಂತ್ರ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಹೊಡೆತವನ್ನು ಕನಿಷ್ಠ 1 ಸೆಕೆಂಡಿನ ಅಂತರದಲ್ಲಿ ಕೊಡುತ್ತದೆ. ಮುಟ್ಟಿದವರಿಗೆ ಕೈ ಬಿಡಿಸಿಕೊಳ್ಳಲು ವೇಳೆ ಸಿಗುತ್ತದೆ. ಮನೆಯ 230 ವೋಲ್ಟ್ ಬಿಡುವಿಲ್ಲದೆ ಹರಿಯುತ್ತದೆ, ಹಿಡಿದ ಕೈ ಬಿಡುವುದಿಲ್ಲ. ಸತ್ತವನು ಕಳ್ಳನೇ ಆಗಿದ್ದರೂ ಕೇಸು ಬೇಲಿಯವನ ಮೇಲೆ. ನಿಮ್ಮ ತಂತಿಗೆ ಅಂಥ ವೈರ್ ಎಳೆದಿದ್ದರೆ ಇಂದೇ ಜೆಸ್ಕಾಂ ಲೈನ್‌ಮನ್‌ನನ್ನು ಕರೆಸಿ ಬಿಚ್ಚಿಸಿ.