ಮೊದಲ ಹ್ಯಾಕಥಾನ್‌ಗೆ ಮುನ್ನ ಬಿಡಬೇಕಾದ ನಂಬಿಕೆಗಳು

ಹ್ಯಾಕಥಾನ್‌ಗೆ ಹೆಸರು ಕೊಡುವ ಪ್ರಶ್ನೆ ಬಂದಾಗ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತೊಂದಿದೆ: ‘ನನಗೆ ಅಷ್ಟೆಲ್ಲ ಕೋಡಿಂಗ್ ಬರಲ್ಲ, ಇನ್ನೂ ಸ್ವಲ್ಪ ಕಲಿತು ಮುಂದಿನ ವರ್ಷ ನೋಡೋಣ.’ ರಾತ್ರಿಯಿಡೀ ನಿದ್ದೆಗೆಟ್ಟು ಸಾವಿರಾರು ಸಾಲು ಕೋಡ್ ಬರೆಯುವ ಜಾಣರು, ಅವರಲ್ಲಿ ಅತಿ ವೇಗದವರಿಗೆ ಬಹುಮಾನ ಎಂಬ ಕಲ್ಪನೆಯೇ ಈ ಹಿಂಜರಿಕೆಗೆ ಕಾರಣ. ಹ್ಯಾಕಥಾನ್‌ನಲ್ಲಿ ನಿಜಕ್ಕೂ ಪರೀಕ್ಷೆಗೆ ಒಳಗಾಗುವುದು ಬೇರೆಯೇ ಒಂದು ಸಾಮರ್ಥ್ಯ: ಇರುವ ಅಲ್ಪ ಸಮಯದಲ್ಲಿ ಏನನ್ನು ಮಾಡಬೇಕು, ಏನನ್ನು ಕೈಬಿಡಬೇಕು ಎಂದು ತಂಡವಾಗಿ ನಿರ್ಧರಿಸುವುದು. ಪ್ರಚಲಿತ ನಂಬಿಕೆಗಳನ್ನು ಒಂದೊಂದಾಗಿ ಪುರಾವೆಯ ಎದುರು ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ನಂಬಿಕೆ: ಕೋಡಿಂಗ್‌ನಲ್ಲಿ ಪಳಗಿದವರಿಗೆ ಮಾತ್ರ

ಡೆವ್‌ಪೋಸ್ಟ್ ತಾಣದಲ್ಲಿ ದಾಖಲಾದ 22,183 ಹ್ಯಾಕಥಾನ್ ಯೋಜನೆಗಳ ಕೋಡನ್ನು ಸಂಶೋಧಕರ ಗುಂಪೊಂದು ಪರಿಶೀಲಿಸಿತು. ಅವುಗಳಲ್ಲಿದ್ದ ಕೋಡ್ ಸಾಲುಗಳ ಪೈಕಿ ಹ್ಯಾಕಥಾನ್ ನಡೆಯುವಾಗ ಬರೆದದ್ದು ಸುಮಾರು ಶೇ. 8 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಮೊದಲೇ ಇದ್ದ ಲೈಬ್ರರಿ, ಫ್ರೇಮ್‌ವರ್ಕ್, ಹಳೆಯ ಕೋಡ್. ಇದು ಕಳ್ಳಾಟವಲ್ಲವೇ ಎಂದು ಯಾರಾದರೂ ಕೇಳಬಹುದು. ಮುಗಿದ ಪ್ರಾಜೆಕ್ಟನ್ನೇ ತಂದು ಹೊಸದೆಂದು ತೋರಿಸಿದರೆ ಹೌದು, ಅದು ಮೋಸವೇ. ಆದರೆ ಎಲ್ಲರಿಗೂ ಮುಕ್ತವಾಗಿ ಸಿಗುವ ಓಪನ್ ಸೋರ್ಸ್ ಕೋಡನ್ನು ಬಳಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಉದ್ಯಮದಲ್ಲೂ ತಂತ್ರಾಂಶ ತಯಾರಾಗುವುದು ಹಾಗೆಯೇ. ಹಾಗಾಗಿ ಹೊಸಬರಿಗೆ ಬೇಕಾದದ್ದು ಎಲ್ಲವನ್ನೂ ಬರೆಯುವ ತಾಕತ್ತಲ್ಲ, ಇರುವುದನ್ನು ಹುಡುಕಿ ಸರಿಯಾಗಿ ಜೋಡಿಸುವ ತಿಳಿವಳಿಕೆ. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ರಚನೆಯೂ ಇದಕ್ಕೆ ಪೂರಕವಾಗಿದೆ. ಅಲ್ಲಿ ತಂಡಕ್ಕೆ ಆರು ಮಂದಿ, ಅವರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕು. ತೀರ್ಪುಗಾರರ ಮಾನದಂಡಗಳಲ್ಲಿ ಹೊಸತನ, ಕಾರ್ಯಸಾಧ್ಯತೆ, ಪರಿಣಾಮದ ವ್ಯಾಪ್ತಿ, ಬಳಸುವವರ ಅನುಭವ ಇವೆಲ್ಲ ಇವೆ; ಎಷ್ಟು ಸಾಲು ಬರೆದಿರಿ ಎಂಬ ಪ್ರಶ್ನೆ ಇಲ್ಲ. ಆರು ಜನರೂ ಕೋಡ್ ಬರೆಯಲು ಕೂತರೆ ಪರದೆಯ ವಿನ್ಯಾಸ, ಮಾಹಿತಿ ಸಂಗ್ರಹ, ಪರೀಕ್ಷೆ, ಮಂಡನೆ ಯಾರ ಕೆಲಸ?

ನಂಬಿಕೆ: ಐಡಿಯಾ ದೊಡ್ಡದಿದ್ದಷ್ಟೂ ಒಳ್ಳೆಯದು

ಹೊಸ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿ. ‘ರೈತರಿಗೆ ಮಾರುಕಟ್ಟೆ ಮಾಹಿತಿ’ ಎಂಬ ವಿಷಯ ಸಿಕ್ಕಿತೆನ್ನಿ. ಉತ್ಸಾಹದ ತಂಡ ಲಾಗಿನ್, ಹವಾಮಾನ, ಚಾಟ್, ಹಣ ಪಾವತಿ, ಸಾಗಣೆ, ಸಾಲ ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಮೊದಲ ರಾತ್ರಿ ಲಾಗಿನ್ ಮತ್ತು ಒಟಿಪಿಯಲ್ಲೇ ಕಳೆದುಹೋಗುತ್ತದೆ. ಕೊನೆಗೆ ಐದು ನಿಮಿಷದ ಪ್ರದರ್ಶನದಲ್ಲಿ ಕಾಣುವುದು ಆರು ಬಟನ್. ಅವುಗಳಲ್ಲಿ ಐದು ಒತ್ತಿದರೆ ಏನೂ ಆಗುವುದಿಲ್ಲ. ಇನ್ನೊಂದು ತಂಡ ಇದೇ ವಿಷಯವನ್ನು ಒಂದೇ ಪ್ರಶ್ನೆಗೆ ಇಳಿಸುತ್ತದೆ: ಟೊಮೆಟೊ ಕೊಯ್ದ ರೈತ ಅದನ್ನು ಕೋಲಾರಕ್ಕೆ ಒಯ್ಯಬೇಕೋ, ಚಿಂತಾಮಣಿಗೋ? ಮಂಡಿಗಳ ಧಾರಣೆಯನ್ನು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಪ್ರಕಟಿಸುತ್ತದೆ. ಆ ದರದಿಂದ ಬಾಡಿಗೆ, ಹಮಾಲಿ ಕಳೆದು ಕೈಗೆ ಸಿಗುವುದೆಷ್ಟು ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ತೋರಿಸುವ ಒಂದೇ ಪರದೆ ಸಾಕು. ಲಾಗಿನ್ ಬೇಡವೇ ಬೇಡ. ತೀರ್ಪುಗಾರರು ತಾವೇ ಅಂಕಿ ಬದಲಿಸಿ ಒತ್ತಿ ನೋಡಿದಾಗ ಉತ್ತರವೂ ಬದಲಾಗುತ್ತದೆ. ಎರಡನೆಯದು ತೀರಾ ಚಿಕ್ಕದಾಯಿತೆಂಬ ಆಕ್ಷೇಪ ಬರಬಹುದು. ಆದರೆ ಯಾರ ಯಾವ ಕಷ್ಟಕ್ಕೆ ಇದು ಉತ್ತರ ಎಂದು ಮೊದಲ ತಂಡಕ್ಕೆ ಹೇಳಲಾಗುವುದಿಲ್ಲ, ಎರಡನೆಯದಕ್ಕೆ ಅದು ಗೊತ್ತು. ಕೆಲಸ ಮಾಡುವ ಚಿಕ್ಕದನ್ನು ನಾಳೆ ಬೆಳೆಸಬಹುದು. ಕೆಲಸ ಮಾಡದ ದೊಡ್ಡದರಲ್ಲಿ ಬೆಳೆಸಲು ಏನೂ ಇರುವುದಿಲ್ಲ.

ನಂಬಿಕೆ: ನಿದ್ದೆ ಮಾಡಿದವರು ಸೋತಂತೆ

ಹ್ಯಾಕಥಾನ್ ಎಂದರೆ ಜಾಗರಣೆ ಎಂಬ ಭಾವನೆಗೆ ಆಯೋಜಕರೂ ಸ್ವಲ್ಪ ಮಟ್ಟಿಗೆ ಹೊಣೆ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತನ್ನೇ 36 ಗಂಟೆಗಳ ನಿರಂತರ ಕೆಲಸವೆಂದು ರೂಪಿಸಲಾಗಿದೆ. ಆದರೆ ಸಭಾಂಗಣ ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರ ಕಣ್ಣೂ ತೆರೆದೇ ಇರಬೇಕಿಲ್ಲ. 45 ಪದವಿ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ 23 ಮಂದಿ ಹಿಂದಿನ ರಾತ್ರಿ ಎಚ್ಚರವಾಗಿದ್ದರು, 22 ಮಂದಿ ಎಂದಿನಂತೆ ಮಲಗಿದ್ದರು. ಬಳಿಕ ಎಲ್ಲರಿಗೂ ಪ್ರೋಗ್ರಾಮಿಂಗ್ ಕೆಲಸ ಕೊಡಲಾಯಿತು. ನಿದ್ದೆಗೆಟ್ಟವರು ಬರೆದ ಕೋಡಿನ ಗುಣಮಟ್ಟ ಅರ್ಧಕ್ಕೆ ಇಳಿದಿತ್ತು. ಆಮೇಲೆ ಆ ದೋಷಗಳನ್ನು ಹುಡುಕಿ ತಿದ್ದಲು ಹೋಗುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಗೆದ್ದ ಸಮಯ ಹೆಚ್ಚೇನೂ ಉಳಿಯುವುದಿಲ್ಲ. ಆರು ಜನರ ತಂಡಕ್ಕೆ ಸರದಿಯಲ್ಲಿ ನಾಲ್ಕೈದು ಗಂಟೆ ಮಲಗುವ ಅನುಕೂಲವಿದೆ. ಮಂಡಿಸುವವರಂತೂ ಕೊನೆಯ ರಾತ್ರಿ ಮಲಗಲೇಬೇಕು.

ನಂಬಿಕೆ: ಗೆದ್ದರೆ ಸ್ಟಾರ್ಟಪ್, ಸೋತರೆ ವ್ಯರ್ಥ

2010ರಲ್ಲಿ ನ್ಯೂಯಾರ್ಕಿನ ಟೆಕ್‌ಕ್ರಂಚ್ ಡಿಸ್ರಪ್ಟ್ ಹ್ಯಾಕಥಾನ್‌ನಲ್ಲಿ ಹುಟ್ಟಿದ ಗ್ರೂಪ್‌ಮಿ ಎಂಬ ಸಂದೇಶ ಸೇವೆಯನ್ನು 2011ರಲ್ಲೇ ಸ್ಕೈಪ್ ಕೊಂಡುಕೊಂಡಿತು. ಇಂಥ ಕಥೆಗಳು ನಿಜ. ಅವು ಪದೇ ಪದೇ ಹೇಳಿಸಿಕೊಳ್ಳುವುದು ಅಪರೂಪ ಎಂಬ ಕಾರಣಕ್ಕೇ. ಹ್ಯಾಕಥಾನ್ ಯೋಜನೆಗಳ ಮುಂದಿನ ಬದುಕನ್ನು ಗಮನಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಬಹುಮಾನ ಬಂದದ್ದು ಯೋಜನೆ ಕೆಲಕಾಲ ಮುಂದುವರಿಯುವುದಕ್ಕೆ ನೆರವಾಗುತ್ತದೆ. ಆದರೆ ಬಹುಕಾಲ ಉಳಿಯುವುದರೊಂದಿಗೆ ತಳಕು ಹಾಕಿಕೊಂಡಿದ್ದು ತಂಡದವರ ಕೌಶಲಗಳ ವೈವಿಧ್ಯ ಮತ್ತು ಮುಂದುವರಿಸಬೇಕೆಂಬ ಇಚ್ಛೆ. ಹ್ಯಾಕಥಾನ್ ಎಂಬ ಹೆಸರಿನ ಆರಂಭದ ಕೂಟಗಳಲ್ಲೊಂದು 1999ರ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆಯಿತು. ಗೂಢಲಿಪಿ ತಂತ್ರಾಂಶದ ರಫ್ತಿಗೆ ಅಮೆರಿಕದ ಕಾನೂನು ಅಡ್ಡಿಯಾಗಿದ್ದರಿಂದ ಓಪನ್‌ಬಿಎಸ್‌ಡಿ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ನ ಹತ್ತು ಮಂದಿ ಡೆವಲಪರ್‌ಗಳು ಅಲ್ಲಿ ಒಟ್ಟಾಗಿ ಕೂತು ಕೆಲಸ ಮಾಡಿದರು. ಅದು ಸ್ಪರ್ಧೆಯಾಗಿರಲಿಲ್ಲ. ಬಹುಮಾನದ ಆಕರ್ಷಣೆ ಆಮೇಲೆ ಸೇರಿಕೊಂಡದ್ದು.

ಇಷ್ಟಾದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಕೋಡ್ ಮುಖ್ಯವಲ್ಲವೆಂದರೆ ಪಿಪಿಟಿ ಚೆನ್ನಾಗಿದ್ದವರೇ ಗೆಲ್ಲುವುದಿಲ್ಲವೇ ಎಂಬುದು ಮೊದಲನೆಯದು. ಬರೀ ಮಾತಿನ ಬಲದಿಂದ ಗೆಲ್ಲುವವರು ಇದ್ದಾರೆ, ಅದನ್ನು ಒಪ್ಪಲೇಬೇಕು. ಆದರೆ ಒತ್ತಿದರೆ ಓಡುವ ಒಂದು ವೈಶಿಷ್ಟ್ಯ ಎದುರಿಗಿದ್ದಾಗ ಬರೀ ಸ್ಲೈಡು ಸಪ್ಪೆಯಾಗುತ್ತದೆ. ತೀರ್ಪುಗಾರರು ನಡುನಡುವೆ ಬಂದು ಪ್ರಗತಿ ನೋಡುವ ಕಡೆ ಬಣ್ಣದ ಮಾತು ಬೇಗ ಬಯಲಾಗುತ್ತದೆ. ಎರಡನೆಯದು ಹೆಚ್ಚು ಗಂಭೀರ: ಕಂಪನಿಗಳು ವಿದ್ಯಾರ್ಥಿಗಳಿಂದ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುತ್ತವೆ ಎಂಬುದು. ಈ ಆತಂಕದಲ್ಲಿ ಹುರುಳಿದೆ. ಸಿದ್ಧವಾದ ಕೋಡ್ ಯಾರ ಸ್ವತ್ತು ಎಂಬುದು ಆಯಾ ಹ್ಯಾಕಥಾನ್‌ನ ನಿಯಮಾವಳಿಯನ್ನು ಅವಲಂಬಿಸಿರುತ್ತದೆ, ಎಲ್ಲ ಕಡೆ ಒಂದೇ ನಿಯಮವಿಲ್ಲ. ಹಾಗೆಂದು ದೂರ ಉಳಿಯುವುದು ಪರಿಹಾರವಲ್ಲ. ಸಹಿ ಹಾಕುವ ಮುನ್ನ ಆ ಒಂದು ಕಲಮನ್ನು ಓದಿ. ಎಲ್ಲ ಹಕ್ಕೂ ಪ್ರಾಯೋಜಕರಿಗೆ ಎಂದಿದ್ದರೆ ಬೇರೆ ಹ್ಯಾಕಥಾನ್ ಹುಡುಕಿಕೊಳ್ಳಿ.

ಪೂರ್ತಿ ಕಲಿತ ಮೇಲೆ ಹೋಗುತ್ತೇನೆಂದು ಕಾಯುವವರಿಗೆ ಆ ದಿನ ಬರುವುದೇ ಇಲ್ಲ, ಏಕೆಂದರೆ ಅಲ್ಲಿ ಬೇಕಾಗುವ ಆಯ್ಕೆಯ ವಿವೇಕ ಅಲ್ಲಿಗೆ ಹೋದ ಮೇಲಷ್ಟೇ ಬರುವಂಥದ್ದು. ಬೇರೆ ಬೇರೆ ಕೆಲಸ ಬಲ್ಲ ನಾಲ್ಕಾರು ಗೆಳೆಯರನ್ನು ಕೂಡಿಸಿ, ಯಾರೋ ಒಬ್ಬರ ನಿಜವಾದ ಒಂದು ತೊಂದರೆಯನ್ನು ಆರಿಸಿಕೊಳ್ಳಿ, ಈ ವರ್ಷವೇ ಹೆಸರು ಕೊಡಿ.