ಹೊಲಕ್ಕೆ ಸುರಿದುದು ಎಲ್ಲಿಗೆ ಹೋಗುವುದು?

ಕಳೆದ ಮಳೆಗಾಲದ ಒಂದು ಸಂಜೆ, ಹಳಿಯಾಳದ ಸಮೀಪದ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದನು. ಕುಶಲಪ್ರಶ್ನೆಗಳು ಮುಗಿದ ಮೇಲೆ ಚೀಲದಿಂದ ಬರಿದಾದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ನನ್ನ ಮುಂದಿಟ್ಟು, “ಗುರುಗಳೇ, ಇದರ ಮೇಲೆ ಏನು ಬರೆದಿದೆ, ತುಸು ಓದಿ ಹೇಳಿರಿ” ಎಂದನು. ಸಂಗತಿ ಇಷ್ಟು: ಗೋವಿನಜೋಳಕ್ಕೆ ಹುಳು ಬಿದ್ದಿತೆಂದು ಅವನು ಅಂಗಡಿಯವರು ಕೊಟ್ಟ ಔಷಧವನ್ನು ಹೊಡೆದಿದ್ದನು. ಸಂಜೆಗೆ ತಲೆ ತಿರುಗಿ ವಾಂತಿಯಾಯಿತು. ವೈದ್ಯರು “ಯಾವ ಔಷಧ?” ಎಂದು ಕೇಳಿದರೆ ಹೇಳಲು ಗೊತ್ತಿರಲಿಲ್ಲ. ಅದಕ್ಕಿಂತ ಘೋರವಾದುದು ಇನ್ನೊಂದಿತ್ತು. ಹಿಂದಿನ ಡಬ್ಬಿಯನ್ನು ಅವನ ಹೆಂಡತಿಯು ತೊಳೆದು, ಒಂದು ವಾರದಿಂದ ಅದರಲ್ಲಿಯೇ ಹೊಲಕ್ಕೆ ಕುಡಿಯುವ ನೀರನ್ನು ಒಯ್ಯುತ್ತಿದ್ದಳು.

ನಾನು ಭೂತಗನ್ನಡಿಯನ್ನು ಹಿಡಿದು ಓದಿದೆನು. ವಿಷಲಕ್ಷಣಗಳು, ಅದಕ್ಕೆ ಪ್ರತಿವಿಷ, ಗಾಳಿಗೆ ಎದುರಾಗಿ ಹೊಡೆಯಬಾರದೆಂಬ ಎಚ್ಚರಿಕೆ, ಬರಿದಾದ ಡಬ್ಬಿಯನ್ನು ಒಡೆದು ಹುಗಿಯಬೇಕೆಂಬ ಸೂಚನೆ ಎಲ್ಲವೂ ಅಲ್ಲಿದ್ದವು, ಕನ್ನಡದಲ್ಲಿಯೇ ಇದ್ದವು. ಈತನಿಗೆ ಅಕ್ಷರವನ್ನು ತಿದ್ದಿಸಿದವನು ನಾನೇ. ಆದರೆ ಓದಲೇಬೇಕಾದುದು ಯಾವುದೆಂಬುದನ್ನು ನಾನು ತೋರಿಸಿಕೊಟ್ಟಿರಲಿಲ್ಲ. ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮೂವತ್ತೈದು ವರುಷ ನಾನು ಮಕ್ಕಳಿಗೆ ಒಕ್ಕಲುತನದ ಪಾಠವನ್ನು ಹೇಳಿದೆನು. ಸುಧಾರಿಸಿದ ಬೀಜ, ರಸಗೊಬ್ಬರ, ಕೀಟನಾಶಕ ಇವುಗಳಿಂದ ಬೆಳೆಯು ಹೆಚ್ಚುವುದೆಂಬುದೇ ಆ ಪಾಠದ ಸಾರ. ಆ ಪಾಠವು ಸುಳ್ಳಲ್ಲ. 1965-66ರ ಬರಗಾಲದಲ್ಲಿ ಹಡಗುಗಳಲ್ಲಿ ಬಂದ ಪರದೇಶದ ಗೋದಿಯಿಂದ ಹೊಟ್ಟೆ ಹೊರೆದ ದೇಶವು, ಮುಂದೆ ತನ್ನ ಅನ್ನವನ್ನು ತಾನೇ ಬೆಳೆದುಕೊಳ್ಳುವಂತಾದುದು ಸಾಮಾನ್ಯ ಮಾತೇ? ಆದರೆ ಅದು ಅರ್ಧ ಪಾಠ. ಹೊಲಕ್ಕೆ ಹಾಕಿದುದರಲ್ಲಿ ಬೆಳೆಯು ಉಂಡಷ್ಟು ಬಿಟ್ಟು ಉಳಿದುದು ಎಲ್ಲಿಗೆ ಹೋಗುವುದೆಂಬ ಉತ್ತರಾರ್ಧವನ್ನು ನಾನು ಹೇಳಲಿಲ್ಲ. ನನಗೆ ಯಾರೂ ಹೇಳಿರಲೂ ಇಲ್ಲ.

ಹಾಗಾದರೆ ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಒಕ್ಕಲಿಗನಿಗೆ ಪರಿಸರದ ಅರಿವಿಲ್ಲವೆನ್ನಬಹುದೇ? ಹಾಗೆನ್ನುವುದು ಅನ್ಯಾಯ. ನೇಗಿಲ ಸಾಲಿನಲ್ಲಿ ಎರೆಹುಳುಗಳು ಕಡಿಮೆಯಾದುದನ್ನು ಮೊದಲು ಕಂಡವನು ಅವನೇ. ಗದ್ದೆಯ ಏಡಿಯೂ ಸಣ್ಣ ಮೀನೂ ಮಾಯವಾದುದನ್ನು, ಮಣ್ಣು ಇಟ್ಟಿಗೆಯಂತೆ ಗಟ್ಟಿಯಾದುದನ್ನು ಅವನು ಬಲ್ಲನು. ಆದರೆ “ಏಕೆ ಹೀಗಾಯಿತು?” ಎಂದು ಕೇಳಿದರೆ “ಕಾಲ ಕೆಟ್ಟಿತು” ಎನ್ನುವನು. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅವನಲ್ಲಿ ಪ್ರತ್ಯಕ್ಷಕ್ಕೆ ಕೊರತೆಯಿಲ್ಲ. ಅನುಮಾನಕ್ಕೆ ಬೇಕಾದ ವ್ಯಾಪ್ತಿಜ್ಞಾನವೊಂದೇ ಇಲ್ಲ. ಹೊಗೆಯನ್ನು ಕಂಡಿದ್ದಾನೆ, ಬೆಂಕಿಯೊಡನೆ ಅದಕ್ಕಿರುವ ಸಂಬಂಧವನ್ನು ಯಾರೂ ತೋರಿಸಿಲ್ಲ. ಆ ಸಂಬಂಧವನ್ನು ಲೆಕ್ಕದ ಮೂಲಕವೇ ನೋಡೋಣ.

ಯೂರಿಯಾದ ಒಂದು ಚೀಲವು 45 ಕಿಲೋ ತೂಗುವುದು. ಅದರಲ್ಲಿ ನೂರಕ್ಕೆ 46 ಪಾಲು, ಎಂದರೆ ಸುಮಾರು 21 ಕಿಲೋ, ಸಾರಜನಕವಿರುವುದು. ನೀರು ನಿಂತ ಭತ್ತದ ಗದ್ದೆಯಲ್ಲಿ ಬೆಳೆಯು ಉಣ್ಣುವುದು ಸಾಮಾನ್ಯವಾಗಿ ಇದರ ಮೂರನೆಯ ಒಂದು ಪಾಲು, ಹೆಚ್ಚೆಂದರೆ ಅರ್ಧ. ಉಳಿದುದರಲ್ಲಿ ತುಸು ಮಣ್ಣಿನಲ್ಲಿ ನಿಲ್ಲುವುದು. ತುಸು ಅಮೋನಿಯವಾಗಿ ಗಾಳಿಗೆ ಹಾರುವುದು. ತುಸು ನೈಟ್ರೇಟಾಗಿ ನೀರಿನೊಡನೆ ಇಳಿದು ಬಾವಿಯನ್ನು ಸೇರುವುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟು 45 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ನಿಯಮ. ಮೀರಿದರೆ ಹಸುಗೂಸುಗಳ ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿಯು ಕುಂದುವುದು. ಇನ್ನೊಂದು ಚಿಕ್ಕ ಪಾಲು ನೈಟ್ರಸ್ ಆಕ್ಸೈಡೆಂಬ ಅನಿಲವಾಗುವುದು. ಭೂಮಿಯನ್ನು ಕಾಯಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲವಾದುದು. ಮಳೆ ಅಕಾಲವಾಯಿತೆಂದು ನಾವು ಆಕಾಶವನ್ನು ನೋಡಿ ನಿಟ್ಟುಸಿರಿಡುತ್ತೇವೆ. ಆ ಆಕಾಶಕ್ಕೆ ನಮ್ಮ ಹೊಲದ ಉಸಿರೂ ಸೇರಿದೆ.

ನೀರಿನ ದಾರಿಯೂ ವಿಚಾರಾರ್ಹವಾಗಿದೆ. ಜೋಯಿಡಾ ಸೀಮೆಯ ಘಟ್ಟದಲ್ಲಿ ಹುಟ್ಟಿದ ಕಾಳಿಯು ದಾಂಡೇಲಿಯನ್ನು ಹಾಯ್ದು, 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಪಡುಗಡಲನ್ನು ಸೇರುವಳು. ಮುಂಡಗೋಡದ ಧರ್ಮಾ ಹೊಳೆಯಾದರೋ ವರದೆಗೂ, ವರದೆಯು ತುಂಗಭದ್ರೆಗೂ, ತುಂಗಭದ್ರೆಯು ಕೃಷ್ಣೆಗೂ ಕೂಡಿ ಮೂಡುಗಡಲಿಗೆ ಹೋಗುವುವು. ನಮ್ಮ ನಾಲ್ಕು ತಾಲೂಕುಗಳ ಮಳೆನೀರು ಎರಡು ಸಮುದ್ರಗಳನ್ನು ಕಾಣುತ್ತದೆ. ನಮ್ಮ ಬದುವಿನಿಂದ ಇಳಿದುದನ್ನು ಯಾವ ಊರಿನ ಯಾವ ತಾಯಿ ಕೊಡದಲ್ಲಿ ತುಂಬಿಕೊಳ್ಳುವಳೋ ಬಲ್ಲವರಾರು? ಮುಂಡಗೋಡ ತಾಲೂಕಿನ ಅತ್ತಿವೇರಿಯ ಕೆರೆಗೆ ಬರುವ ಬೆಳ್ಳಕ್ಕಿ, ಕೆಂಬರಲು, ಚಮಚಕೊಕ್ಕುಗಳು ಮರಿಗಳಿಗೆ ಮೇವನ್ನು ತರುವುದೂ ನೀರಿನ ಅಂಚಿನಿಂದ, ಗದ್ದೆಗಳಿಂದ.

ಇನ್ನು ವಿಷದ ಮಾತು. ಗೋವಿನಜೋಳಕ್ಕೆ ಔಷಧ ಹೊಡೆಯುವ ರೂಢಿಯು ಹಿಂದೆ ಇಷ್ಟಿರಲಿಲ್ಲ. 2018ರಲ್ಲಿ ಭಾರತದಲ್ಲಿ ಮೊದಲಿಗೆ ನಮ್ಮ ಕರ್ನಾಟಕದಲ್ಲಿಯೇ ಕಂಡುಬಂದ ಪರದೇಶದ ಸೈನಿಕ ಹುಳುವು ಆ ರೂಢಿಯನ್ನು ಹೆಚ್ಚಿಸಿತು. ಹುಳುವನ್ನು ಕಂಡು ಕೈಕಟ್ಟಿ ಕೂಡಿರೆಂದು ನಾನು ಹೇಳುವುದಿಲ್ಲ. ಹೇಳುವುದಿಷ್ಟೇ: ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವೊಂದಿರುವುದು, ಅದರ ಕೆಳಗಿನ ತ್ರಿಕೋನದ ಬಣ್ಣವನ್ನು ನೋಡಿರಿ. ಕೆಂಪು ಎಲ್ಲಕ್ಕಿಂತ ಉಗ್ರವಾದ ವಿಷ. ಅದರ ಕೆಳಗೆ ಹಳದಿ, ಬಳಿಕ ನೀಲಿ, ಕಡೆಗೆ ಹಸುರು. ನನ್ನ ಶಿಷ್ಯನು ತಂದುದು ಹಳದಿ. ಹಸುರು ಎಂದರೆ ನಿರಪಾಯವೆಂದು ತಿಳಿಯಬಾರದು. ಈ ಬಣ್ಣಗಳು ಇಲಿ ಮೊದಲಾದ ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯಿಂದ, ಮನುಷ್ಯನಿಗೆ ಒಡನೆ ಆಗುವ ಅಪಾಯವನ್ನು ಎಣಿಸಿ ಇಟ್ಟವು. ಜೇನುನೊಣ, ಮೀನು, ಎರೆಹುಳುಗಳ ಲೆಕ್ಕವು ಅದರಲ್ಲಿಲ್ಲ.

ಕಂಡವರ ಮಾತನ್ನು ಕೇಳದೆ ಹೋದರೆ ಏನಾಗುವುದೆಂಬುದಕ್ಕೆ ನಮ್ಮವರೇ ಆದ ಕಾಸರಗೋಡಿನ ಕನ್ನಡಿಗರ ಕಥೆಯು ಸಾಕ್ಷಿ. ಅಲ್ಲಿಯ ಗೇರುತೋಟಗಳ ಮೇಲೆ 2000ದ ವರೆಗೆ ಇಪ್ಪತ್ತು ವರುಷಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಗಮನಿಸಿ ಪತ್ರಕರ್ತರಾದ ಶ್ರೀ ಪಡ್ರೆಯವರು 1980ರ ಸುಮಾರಿಗೇ ಎಚ್ಚರಿಸಿ ಬರೆದರು. ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ತಡೆದುದು 2011ರಲ್ಲಿ. ಈ ಮೂವತ್ತು ವರುಷಗಳ ನಡುವೆ ಹುಟ್ಟಿದ ಎಷ್ಟೋ ಮಕ್ಕಳು ಇಂದಿಗೂ ಹಾಸಿಗೆಯಿಂದ ಏಳಲಾರರು. ಹಳ್ಳಿಗನ ಕಣ್ಣು ಕಂಡುದನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಹಾಗೆಂದು ಎಲ್ಲವನ್ನೂ ಒಂದೇ ದಿನದಲ್ಲಿ ಬಿಟ್ಟುಬಿಡಿರೆಂದು ಉಪದೇಶಿಸುವುದು ಸಾಲದ ಹೊರೆಯನ್ನು ಹೊತ್ತವನಿಗೆ ಹೇಳುವ ಮಾತಲ್ಲ. ಕೈಗೆಟಕುವ ಕೆಲವು ಕೆಲಸಗಳಿವೆ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯು ಬಂದ ಮೇಲೆ ಕಬ್ಬು ಹೆಚ್ಚಿತು. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವುದೂ ಹೆಚ್ಚಿತು. ರವದಿಯನ್ನು ಸುಟ್ಟರೆ ಅದರ ಸಾರಜನಕವೂ ಇಂಗಾಲವೂ ಹೊಗೆಯಾಗಿ ಹೋಗುವುವು. ಅದನ್ನೇ ಸಾಲುಗಳ ನಡುವೆ ಹಾಸಿದರೆ ತೇವವನ್ನು ಹಿಡಿದು, ಕಳೆಯನ್ನು ತಡೆದು, ಕೊಳೆತು ಗೊಬ್ಬರವಾಗುವುದು. ಸುಟ್ಟುದನ್ನು ಮರಳಿ ಪಡೆಯಲು ನಾವು ಪೇಟೆಯಿಂದ ಚೀಲ ತರುತ್ತೇವೆ! ಚೀಲವನ್ನು ತರುವುದಕ್ಕೆ ಮೊದಲು ಮಣ್ಣನ್ನು ಪರೀಕ್ಷಿಸಿರಿ. 2015ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳ ವಿವರವಿರುವುದು. ಸಾವಯವ ಇಂಗಾಲವು ನೂರಕ್ಕೆ ಅರ್ಧಪಾಲಿಗಿಂತ ಕಡಿಮೆಯಿದ್ದರೆ ಮಣ್ಣು ಬಡವಾಗಿದೆಯೆಂದು ತಿಳಿಯಬೇಕು. ಆ ಬಡತನವನ್ನು ಯೂರಿಯಾದಿಂದ ನೀಗಲಾಗದು, ಸೆಗಣಿ-ಸೊಪ್ಪುಗಳಿಂದಲೇ ನೀಗಬೇಕು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಕೃಷಿಪರಾಶರವೆಂಬ ಸಂಸ್ಕೃತ ಗ್ರಂಥವು ಮಾಘಮಾಸದಲ್ಲಿ ತಿಪ್ಪೆಯನ್ನು ಪೂಜಿಸಿ ತೆಗೆದು, ಬಿಸಿಲಿಗೆ ಒಣಗಿಸಿ, ಫಾಲ್ಗುನದಲ್ಲಿ ಹೊಲದ ಗುಂಡಿಗಳಿಗೆ ಹಾಕಿ, ಬಿತ್ತುವಾಗ ಬಳಸಬೇಕೆಂದು ವಿಧಿಸುವುದು. ತಿಪ್ಪೆಗೆ ಪೂಜೆಯೇ ಎಂದು ನಗುವವರು ಅದರ ಮರ್ಮವನ್ನು ಅರಿಯರು. ದನಕರುಗಳ ಹಿಂಡನ್ನು ಸಾಕುವ ಗೌಳಿಗರು ನಮ್ಮ ಕಾಡಂಚಿನಲ್ಲಿ ಇಂದಿಗೂ ಇದ್ದಾರೆ. ಅವರ ಕೊಟ್ಟಿಗೆಯ ಗೊಬ್ಬರವು ನಮ್ಮ ಹೊಲಕ್ಕೆ ಬಂದರೆ ಇಬ್ಬರಿಗೂ ಲಾಭ. ಜೋಯಿಡಾದ ಕುಣಬಿ ಜನರ ಹಿತ್ತಿಲುಗಳಲ್ಲಿ ಹತ್ತಾರು ಬಗೆಯ ಗೆಡ್ಡೆಗಳು ಒಂದರ ನೆರಳಲ್ಲಿ ಮತ್ತೊಂದು ಬೆಳೆಯುವುದನ್ನು ಹೋಗಿ ನೋಡಿರಿ. ಅಲ್ಲಿ ನಡೆಯುವ ಗೆಡ್ಡೆ-ಗೆಣಸಿನ ಮೇಳವು ನಮ್ಮ ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಾದುದಲ್ಲ.

ನನ್ನ ಶಿಷ್ಯನು ಗುಣವಾದನು. ಅವನ ಹೆಂಡತಿಗೂ ದೈವವಶಾತ್ ಕೇಡಾಗಲಿಲ್ಲ. ಆ ಎರಡು ಡಬ್ಬಿಗಳನ್ನು ನಾವಿಬ್ಬರೂ ಕೂಡಿ ಒಡೆದು, ಬಾವಿಗೂ ಹಳ್ಳಕ್ಕೂ ದೂರವಾದ ಎಡೆಯಲ್ಲಿ ಹುಗಿದೆವು. ಈಗ ಅವನ ಮನೆಗೆ ಯಾವ ಡಬ್ಬಿಯು ಬಂದರೂ, ಏಳನೆಯ ತರಗತಿಯಲ್ಲಿ ಓದುವ ಮಗಳು ಅದರ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದ ಮೇಲೆಯೇ ಅದರ ಮುಚ್ಚಳವು ತೆರೆಯುವುದು. ಈ ವರುಷ ರವದಿಗೆ ಬೆಂಕಿ ಹಚ್ಚಲಿಲ್ಲವೆಂದೂ ಹೇಳಿ ಕಳುಹಿಸಿದ್ದಾನೆ.

ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ, ಇಲ್ಲವೆ ನೆರೆಯವನ ಕೊಟ್ಟಿಗೆಯಲ್ಲಿ, ಅಂಥದೊಂದು ಡಬ್ಬಿಯು ಇದ್ದೇ ಇರುವುದು. ಇಂದು ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಮಕ್ಕಳಿಂದ ಮುಟ್ಟಿಸದೆ ನೀವೇ ಹಿಡಿದು, ಅದರ ಮೇಲಿನ ಬರಹವನ್ನು ಅವರಿಂದ ಓದಿಸಿರಿ. ನಾನು ಶಾಲೆಯಲ್ಲಿ ಬಿಟ್ಟ ಅರ್ಧ ಪಾಠವು ಅಲ್ಲಿಂದ ಆರಂಭವಾಗಲಿ.